ಮುಂಜಾನಿ ಎಂಜಿನ್ ಟಕಟಕ ಅಂದ್ರ ಚೈನ್ ಬಿಚ್ಚಾಕ ಹೋಗಬ್ಯಾಡ್ರಿ, ಮೊದಲು ಆಯಿಲ್ ಫಿಲ್ಟರ್ ಬಿಚ್ರಿ

ಹೋದ ಬ್ಯಾಸಿಗಿಯೊಳಗ ನನ್ನ ಗಾಡಿಗೆ ಒಂದು ರೋಗ ಹತ್ತಿತ್ತು. ಮುಂಜಾನಿ ಫಸ್ಟ್ ಸ್ಟಾರ್ಟ್ ಮಾಡಿದ ಕೂಡ್ಲೆ ಬಾನೆಟ್ ಒಳಗಿಂದ ಟಕಟಕಟಕ ಅಂತ ಮೂರು-ನಾಕು ಸೆಕೆಂಡ್ ಸಪ್ಪಳ, ಆಮ್ಯಾಲ ಏನೂ ಆಗೇ ಇಲ್ಲ ಅನ್ನೋಹಂಗ ಗಪ್. ಪೆಟ್ರೋಲ್ ಗಾಡಿ, ಗಂಗಾವತಿಯಿಂದ ಗಿಣಿಗೇರಿಗೆ ದಿನಾ ಹೋಗಿ ಬರೋದು, ವಾರಕ್ಕೊಮ್ಮೆ ತೋರಣಗಲ್ಲು ಕಡಿ. ಆ ರೋಡಿನ ಕಬ್ಬಿಣ ಅದಿರಿನ ಕೆಂಪು ಧೂಳು ಹೆಂಗಿರ್ತೈತಿ ಅಂತ ನಿಮಗೆ ಹೇಳಬೇಕಾಗಿಲ್ಲ, ಬಿಳಿ ಗಾಡಿ ತಗೊಂಡವರಿಗೆ ಆರು ತಿಂಗಳಿಗೆ ಗುಲಾಬಿ ಗಾಡಿ ಫ್ರೀ.

ಮೊದಲು ತೋರಿಸಿದ ಗ್ಯಾರೇಜ್‌ನವ್ರು ಬಾನೆಟ್ ಎತ್ತಿ ಎರಡು ನಿಮಿಷ ಕೇಳಿ, ಟೈಮಿಂಗ್ ಚೈನ್ ಸಡ್ಲಾಗೈತಿ ಸರ್, ಚೈನ್, ಟೆನ್ಷನರ್, ಗೈಡ್ ಪೂರಾ ಕಿಟ್ ಹಾಕಬೇಕು, ಲೇಬರ್ ಸೇರಿ ಹದಿನೆಂಟು ಸಾವಿರ ಅಂದ್ರು. ಟೈಮಿಂಗ್ ಚೈನ್ ಅಂದ್ರ ಎಂಜಿನ್ ವಾಲ್ವ್ ಒತ್ತೋ ದಂಡ, ಅಂದ್ರ ಕ್ಯಾಮ್, ಅದನ್ನ ತಿರುಗಿಸೋ ಚೈನ್; ಟೆನ್ಷನರ್ ಅದನ್ನ ಬಿಗಿ ಹಿಡಿಯೋದು, ಗೈಡ್ ಅದು ದಾರಿ ಬಿಡದಂಗ ತಡಿಯೋ ಪಟ್ಟಿ. ನಾನು ಹೂಂ ಅನ್ನೋನೇ ಇದ್ದೆ. ಆದ್ರ ರೊಕ್ಕ ಇರಲಿಲ್ಲ, ಅದೇ ಚಲೋ ಆತು. ಸಂಬಳ ಆಗೋತನ ಹೆಂಗೂ ನಡಿಲಿ ಅಂತೇಳಿ ನಮ್ಮಪ್ಪನ ಕಾಲದಿಂದ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಚಾಚಾ ಹತ್ರ ಹೋದೆ. ಚಾಚಾ ಗಾಡಿ ಸ್ಟಾರ್ಟ್ ಮಾಡು ಅನ್ನಲಿಲ್ಲ. "ಎಷ್ಟೊತ್ತು ನಿಲ್ಲಿಸಿದ್ರ ಸಪ್ಪಳ ಬರ್ತೈತಪ್ಪ?" ಅಂತ ಕೇಳಿದ. ರಾತ್ರಿ ಪೂರಾ ನಿಲ್ಲಿಸಿದ್ರ ಅಷ್ಟ ಚಾಚಾ, ಮಧ್ಯಾಹ್ನ ಊಟಕ್ಕ ಬಂದು ಹೊಳ್ಳಿ ಹಚ್ಚಿದ್ರ ಬರಂಗಿಲ್ಲ ಅಂದೆ. "ಫಿಲ್ಟರ್ ಯಾವಾಗ ಹಾಕ್ಸಿದಿ? ಎಲ್ಲಿಂದ ತಂದಿ?" ಅಷ್ಟ. ಎರಡನೇ ಪ್ರಶ್ನಿಗೆ ನನ್ನ ಬಾಯಿ ಬಂದ್ ಆತು, ಯಾಕಂದ್ರ ಆ ಫಿಲ್ಟರ್ ನಾನೇ ಒಂದು ಅಂಗಡಿಯಾಗ, ಡಬ್ಬಿನೂ ಇಲ್ಲದ ಬರೇ ಪ್ಲಾಸ್ಟಿಕ್ ಕವರ್‌ನಾಗ ಇದ್ದದ್ದನ್ನ, ನಲವತ್ತು ರೂಪಾಯಿ ಉಳೀತು ಅಂತ ಖುಷಿಲೇ ತಂದಿದ್ದೆ.

ಹೊಸ ಫಿಲ್ಟರ್ ಹಾಕಿದ್ವಿ, ಮರುದಿನ ಮುಂಜಾನಿ ಸಪ್ಪಳ ಇಲ್ಲ. ಹದಿನೆಂಟು ಸಾವಿರದ ರೋಗಕ್ಕ ನೂರರ ಆಸುಪಾಸಿನ ಔಷಧ. ಆವತ್ತಿಂದ ನನಗ ಇದೊಂದು ಹುಚ್ಚು ಹಿಡೀತು, ಗೆಳೆಯರ ಗಾಡಿ ಸರ್ವಿಸ್ ಇದ್ರ ಹಳೇ ಫಿಲ್ಟರ್ ಕೇಳಿ ತಂದು ಕೊಯ್ದು ನೋಡೋದು. ಮನ್ಯಾಗ ಬೈತಾರ. ಆ ಕೊಯ್ದ ಅನುಭವದ ಮ್ಯಾಲ ಇದನ್ನ ಬರಿಯಾಕ ಹತ್ತೀನಿ. ಎಲ್ಲಾ ಸಪ್ಪಳಕ್ಕೂ ಫಿಲ್ಟರೇ ಕಾರಣ ಅಂತ ನಾನು ಹೇಳಂಗಿಲ್ಲ, ಹಂಗ ನೋಡಿದ್ರ ಫಿಲ್ಟರ್ ಮ್ಯಾಲ ಹಾಕೋ ಅರ್ಧ ಆರೋಪ ಸುಳ್ಳೇ ಇರ್ತಾವ, ಆದ್ರ ಎಂಜಿನ್ ಬಿಚ್ಚೋಕ್ಕಿಂತ ಮೊದಲು ಫಿಲ್ಟರ್ ಬಿಚ್ಚೋದು ಸೋವಿ.

ಒಳಗ ಏನೈತಿ ಅನ್ನೋದು ಗೊತ್ತಿರಲಿ

ತಗಡಿನ ಡಬ್ಬಿ ಥರ ಇದ್ದು ತಿರುವಿ ಹಾಕ್ತಾರಲ್ಲ, ಆ ಫಿಲ್ಟರ್‌ನ ಬುಡ ನೋಡ್ರಿ. ನಡುವಿಗೆ ಥ್ರೆಡ್ ಇರೋ ಒಂದು ದೊಡ್ಡ ತೂತು, ಅದ್ರ ಸುತ್ತಲೂ ಸಣ್ಣ ಸಣ್ಣ ತೂತು. ಪಂಪು ಸಂಪ್‌ನಿಂದ (ಎಂಜಿನ್ ತಳದ ಆಯಿಲ್ ತೊಟ್ಟಿ) ಎಳೆದ ಆಯಿಲ್ ಈ ಸಣ್ಣ ತೂತಿನಿಂದ ಒಳಗ ಹೋಗ್ತೈತಿ, ಮಡಿಚಿದ ಪೇಪರ್ ಹೊರಗಿಂದ ಒಳಕ್ಕ ಸೋಸಿಕೊಂಡು, ನಡುವಿನ ದೊಡ್ಡ ತೂತಿನಿಂದ ಎಂಜಿನ್‌ಗೆ ಹೋಗ್ತೈತಿ. ಇಷ್ಟ ಆಗಿದ್ರ ಅದು ಚಾ ಸೋಸೋ ಜರಡಿ. ಆದ್ರ ಇದ್ರಾಗ ಇನ್ನೂ ಎರಡು ವಾಲ್ವ್ ಅದಾವ, ತಕರಾರು ಎಲ್ಲಾ ಅಲ್ಲೇ ಇರೋದು.

ಒಂದು ಆಂಟಿ ಡ್ರೈನ್ ಬ್ಯಾಕ್ ವಾಲ್ವ್. ಸಣ್ಣ ತೂತಿನ ಹಿಂದ ಕುಂತಿರೋ ರಬ್ಬರ್ ತಟ್ಟಿ. ಎಂಜಿನ್ ಬಂದ್ ಆದಾಗ ಫಿಲ್ಟರ್ ಒಳಗಿನ ಆಯಿಲ್ ವಾಪಸ್ ಸಂಪ್‌ಗೆ ಇಳಿಬಾರದು ಅಂತ ತಡಿಯೋದು. ಇದು ಗಟ್ಟಿ ಆದ್ರ, ಇಲ್ಲಾ ಸರಿ ಕೂಡದಿದ್ರ, ರಾತ್ರಿ ಪೂರಾ ಆಯಿಲ್ ಸೋರಿ ಫಿಲ್ಟರ್ ಖಾಲಿ. ಮುಂಜಾನಿ ಪಂಪು ಮೊದಲು ಖಾಲಿ ಡಬ್ಬಿ ತುಂಬಬೇಕು, ಆಮ್ಯಾಲ ಮ್ಯಾಲಿನ ಕ್ಯಾಮ್‌ಗೆ, ಚೈನ್ ಟೆನ್ಷನರ್‌ಗೆ ಆಯಿಲ್ ಮುಟ್ಟಬೇಕು. ಭಾಳ ಗಾಡಿಯಾಗ ಟೆನ್ಷನರ್ ಆಯಿಲ್ ಪ್ರೆಷರ್ ಮ್ಯಾಲೇ ಚೈನ್ ಬಿಗಿ ಹಿಡಿಯೋದು, ಅದಕ್ಕ ಆ ಮೂರು ಸೆಕೆಂಡ್ ಚೈನ್ ಬಡಿತೈತಿ. ಗ್ಯಾರೇಜ್‌ನವ್ರು ಚೈನ್ ಸಪ್ಪಳ ಅಂದದ್ದು ಸುಳ್ಳಲ್ಲ ನೋಡ್ರಿ. ಸಪ್ಪಳ ಚೈನಿಂದೇ, ತಪ್ಪು ಮಾತ್ರ ಚೈನಿಂದಲ್ಲ.

ಇನ್ನೊಂದು ಬೈಪಾಸ್ ವಾಲ್ವ್, ಸ್ಪ್ರಿಂಗ್ ಇರೋದು. ಪೇಪರ್ ಕಟ್ಟಿಕೊಂಡ್ರ, ಇಲ್ಲಾ ಥಂಡ್ಯಾಗ ಆಯಿಲ್ ದಪ್ಪ ಇದ್ರ, ಎಂಜಿನ್‌ಗೆ ಆಯಿಲ್ಲೇ ಇಲ್ಲದಂಗ ಆಗಬಾರದು ಅಂತ ಸೋಸದ ಆಯಿಲನ್ನ ಸೀದಾ ಬಿಡ್ತೈತಿ. ಹೊಲಸು ಆಯಿಲ್ ಆದ್ರೂ ಇರಲಿ, ಒಣ ಬೇರಿಂಗ್ ಬ್ಯಾಡ ಅನ್ನೋ ಲೆಕ್ಕ. ಪೇಪರ್‌ನ ಆ ಕಡಿ ಈ ಕಡಿ ಪ್ರೆಷರ್ ಫರಕು ಸುಮಾರು 8 ರಿಂದ 22 ಪಿಎಸ್ಐ (ಒತ್ತಡದ ಅಳತಿ) ಒಳಗ ಎಲ್ಲೋ ತಗೀತೈತಿ, ಗಾಡಿ ಮ್ಯಾಲ ಹೋಗ್ತೈತಿ. ಕೆಲವು ಎಂಜಿನ್‌ಗೆ ಈ ಬೈಪಾಸ್ ಬ್ಲಾಕ್‌ನಾಗೇ ಇರ್ತೈತಿ, ಅಂಥಾ ಗಾಡಿ ಫಿಲ್ಟರ್‌ನಾಗ ಬೈಪಾಸ್ ಇರಂಗೇ ಇಲ್ಲ. ಅದಕ್ಕ ಸೈಜ್ ಒಂದೇ ಐತಿ ಅಂತ ಅದ್ರ ಫಿಲ್ಟರ್ ಇದಕ್ಕ ಹಾಕಿದ್ರ, ಬೈಪಾಸೇ ಇಲ್ಲದ ಗಾಡಿ ಓಡಿಸ್ತಿರ್ತೀರಿ, ಗೊತ್ತೂ ಆಗಂಗಿಲ್ಲ.

ಸಪ್ಪಳ ಫಿಲ್ಟರಿಂದೋ ಎಂಜಿನ್ನಿಂದೋ ಹೆಂಗ ಗೊತ್ತು ಮಾಡೋದು

ಮೊದಲು ಟೈಮ್ ಹಿಡೀರಿ. ಗಾಡಿ ಬಿಸಿ ಇದ್ದಾಗ ಬಂದ್ ಮಾಡಿ ಹದಿನೈದು ನಿಮಿಷ ಬಿಟ್ಟು ಹಚ್ರಿ, ಎರಡು ತಾಸು ಬಿಟ್ಟು ಹಚ್ರಿ, ರಾತ್ರಿ ಬಿಟ್ಟು ಮುಂಜಾನಿ ಹಚ್ರಿ. ಪ್ರತಿ ಸಲ ಎಷ್ಟು ಸೆಕೆಂಡ್ ಸಪ್ಪಳ, ಡ್ಯಾಶ್‌ಬೋರ್ಡ್‌ನಾಗ ಕೆಂಪು ಆಯಿಲ್ ಡಬ್ಬಿ ಲೈಟ್ ಆರಾಕ ಎಷ್ಟೊತ್ತು, ಮೊಬೈಲ್‌ನಾಗ ವಿಡಿಯೋ ಮಾಡಿ ಇಟ್ಕೊಳ್ರಿ. ನಿಲ್ಲಿಸಿದಷ್ಟೂ ಸಪ್ಪಳ ಜಾಸ್ತಿ, ಲೈಟ್ ಆರೋದೂ ತಡ, ಅಂದ್ರ ಆಯಿಲ್ ಇಳಿದು ಹೋಗಾಕ ಹತ್ತೈತಿ, ಫಿಲ್ಟರ್ ಮ್ಯಾಲ ಅನುಮಾನ ಪಡ್ರಿ. ಬಿಸಿ ಗಾಡಿ ಆದ್ರೂ, ಥಂಡಿ ಗಾಡಿ ಆದ್ರೂ, ಯಾವಾಗ ಹಚ್ಚಿದ್ರೂ ಒಂದೇ ಥರ ಸಪ್ಪಳ, ಎಂಜಿನ್ ನಡ್ಯಾಕ ಹತ್ತಿದ ಮ್ಯಾಲೂ ನಿಲ್ಲವಲ್ದು ಅಂದ್ರ ಅದು ಖರೇನ ಚೈನೋ ಟ್ಯಾಪೆಟ್ಟೋ (ಕ್ಯಾಮ್ ಮತ್ತ ವಾಲ್ವ್ ನಡುವಿನ ಸಾಮಾನು) ಇರಬೇಕು. ಬಿಸಿ ಆದ ಮ್ಯಾಲ, ಲೋಡ್ ಹಾಕಿದಾಗ, ಕೆಳಗಿಂದ ಧಡ್ ಧಡ್ ಅಂತ ದಪ್ಪ ಸಪ್ಪಳ ಬಂದ್ರ ಅದು ಬೇರಿಂಗ್, ಇದನ್ನ ಓದೋದು ಬಿಟ್ಟು ಗಾಡಿ ಟೋ ಮಾಡಿಸ್ರಿ.

ಚಾಚಾ ಹೇಳಿಕೊಟ್ಟ ಇನ್ನೊಂದು ಆಟ ಐತಿ. ಕೀ ಹಾಕಿ ಹಚ್ಚೋ ಫ್ಯುಯೆಲ್ ಇಂಜೆಕ್ಷನ್ ಪೆಟ್ರೋಲ್ ಗಾಡಿ ಇದ್ರ, ಮುಂಜಾನಿ ಎಕ್ಸಿಲರೇಟರ್ ಪೂರಾ ನೆಲಕ್ಕ ತುಳಿದು ಹಿಡಿದು ನಾಕೈದು ಸೆಕೆಂಡ್ ಸೆಲ್ಫ್ ಹೊಡೀರಿ. ಭಾಳ ಗಾಡಿಯಾಗ ಹಂಗ ತುಳಿದ್ರ ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಬಂದ್ ಮಾಡ್ತೈತಿ, ಎಂಜಿನ್ ತಿರಗ್ತೈತಿ ಆದ್ರ ಹತ್ತಂಗಿಲ್ಲ, ಅಷ್ಟರಾಗ ಪಂಪು ಆಯಿಲ್ ತುಂಬಿರ್ತೈತಿ. ಆಮ್ಯಾಲ ಕಾಲು ಪೂರಾ ತಗದು ಮಾಮೂಲಿ ಹಂಗ ಹಚ್ರಿ. ಸಪ್ಪಳ ಇಲ್ಲ ಅಂದ್ರ ಆಯಿಲ್ ತಡ ಆಗಿ ಮುಟ್ಟೋದೇ ಕಾರಣ ಅಂತ ಪಕ್ಕಾ. ಎಲ್ಲಾ ಗಾಡಿಗೂ ಇದು ನಡಿಯಂಗಿಲ್ಲ, ಹತ್ತಿಬಿಟ್ರ ರೇಸ್ ಆಗಿ ಗುರ್ ಅಂತೈತಿ, ಹತ್ತಿದ ಕೂಡ್ಲೆ ಕಾಲು ತಗೀಬೇಕು. ಬ್ಯಾಟರಿ ಅರ್ಧ ಸತ್ತಿದ್ರ ಈ ಆಟ ಆಡಬ್ಯಾಡ್ರಿ.

ಕಡೀ ಪರೀಕ್ಷೆ, ಗಾಡಿ ರಾತ್ರಿ ನಿಂತದ್ದಿರಲಿ, ಮುಂಜಾನಿ ಹಚ್ಚೋಕ್ಕಿಂತ ಮೊದಲೇ ಫಿಲ್ಟರ್ ಬಿಚ್ರಿ. ಅಡ್ಡ ಕುಂತ ಫಿಲ್ಟರ್ ಬಿಚ್ಚಿದ್ರ ಒಂದು ಬಟ್ಟಲು ಆಯಿಲ್ ಕೈಮ್ಯಾಲ ಸುರೀಬೇಕು, ಸುರಿದ್ರ ವಾಲ್ವ್ ಚಲೋ ಐತಿ ಅಂತ ಖುಷಿ ಪಡ್ರಿ. ಖಾಲಿ ತಗಡಿನಂಗ ಹಗುರ ಬಂದ್ರ ಕಳ್ಳ ಸಿಕ್ಕ. ಫಿಲ್ಟರ್ ಬಾಯಿ ಮ್ಯಾಲಾಗಿ ನೆಟ್ಟಗ ನೇತಾಡೋ ಗಾಡಿಗೆ ಈ ಪರೀಕ್ಷೆ ಬರಂಗಿಲ್ಲ, ಅದ್ರಾಗ ವಾಲ್ವ್ ಕೆಟ್ರೂ ಆಯಿಲ್ ಡಬ್ಬಿಯಾಗೇ ಕುಂತಿರ್ತೈತಿ, ಲೋಟದಾಗ ನೀರು ಕುಂತಂಗ. ಅಂಥಾ ಗಾಡಿಗೆ ಮುಂಜಾನಿ ಸಪ್ಪಳ ಬಂದ್ರ ಫಿಲ್ಟರ್ ಬಿಟ್ಟು ಟೆನ್ಷನರ್, ಲ್ಯಾಶ್ ಅಡ್ಜಸ್ಟರ್ (ವಾಲ್ವ್ ಸಂದಿ ತಾನೇ ಸರಿ ಮಾಡೋ ಸಾಮಾನು) ಕಡಿ ನೋಡ್ರಿ.

ಕೆಂಪು ಲೈಟ್ ಬಂತು, ಫಿಲ್ಟರ್ ಬ್ಲಾಕ್ ಆಗೈತಿ ಅಂತಾರ

ಇದು ನಮ್ಮ ಕಡಿ ಎಲ್ಲಾರೂ ಹೇಳೋ ಮಾತು, ಮತ್ತ ಭಾಳ ಸಲ ತಪ್ಪು ಮಾತು. ಫಿಲ್ಟರ್ ಕಟ್ಟಿದ್ರ ಬೈಪಾಸ್ ತಗೀತೈತಿ, ಪ್ರೆಷರ್ ಬೀಳಂಗಿಲ್ಲ, ಲೈಟ್ ಬರಂಗಿಲ್ಲ. ಅದೇ ಮೋಸ, ಯಾವ ಸುದ್ದಿನೂ ಇಲ್ಲದ ಸೋಸದ ಆಯಿಲ್ ಓಡ್ತಿರ್ತೈತಿ. ಲೈಟ್ ಬರೋದು ಬ್ಯಾರೆ ಕಾರಣಕ್ಕ. ಓಡಿಸೋವಾಗ ಬಂದ್ರ ಸೈಡಿಗೆ ಹಾಕಿ ಎಂಜಿನ್ ಬಂದ್ ಮಾಡ್ರಿ, ಇನ್ನೊಂದು ನಾಕು ಕಿಲೋಮೀಟರ್ ಹೊಸಪೇಟಿ ಬಂತು ಅನ್ನಬ್ಯಾಡ್ರಿ, ಆ ನಾಕು ಕಿಲೋಮೀಟರ್‌ನಾಗ ಎಂಜಿನ್ ಹೋದದ್ದನ್ನ ನಾನು ಕಣ್ಣಾರೆ ನೋಡೀನಿ.

ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳಿಯೋ ಕಡ್ಡಿ) ಎಳೀರಿ. ಆಯಿಲ್ ಕಡಿಮಿ ಇದ್ರ ಕಥಿ ಅಲ್ಲೇ ಮುಗೀತು, ಎಲ್ಲಿ ಸೋರ್ತೈತಿ ಇಲ್ಲಾ ಸುಡ್ತೈತಿ ಅಂತ ಹುಡುಕಬೇಕು. ಲೆವೆಲ್ ಸರಿ ಇದ್ರ ಮೂಸಿ ನೋಡ್ರಿ, ಪೆಟ್ರೋಲ್ ವಾಸನಿ ಹೊಡೆದ್ರ ಆಯಿಲ್ ತೆಳ್ಳಗಾಗೈತಿ. ಬಿಸಿ ಇದ್ದಾಗ ಐಡ್ಲಿಂಗ್‌ನಾಗ ಮಾತ್ರ ಲೈಟ್ ಮಿಣಿಮಿಣಿ ಅಂದು, ಸ್ವಲ್ಪ ರೇಸ್ ಮಾಡಿದ್ರ ಆರ್ತೈತಿ ಅಂದ್ರ ಎರಡು ಸಾಧ್ಯ: ಪ್ರೆಷರ್ ಸ್ವಿಚ್ ಕೆಟ್ಟೈತಿ, ಇಲ್ಲಾ ಪ್ರೆಷರ್ ಖರೇನ ಕಡಿಮಿ ಐತಿ, ಬೇರಿಂಗ್ ಸವದೋ, ಪಂಪು ಸವದೋ, ಸಂಪ್ ಜಾಳಿಗಿ ಸ್ಲಡ್ಜ್‌ನಿಂದ (ಆಯಿಲ್ ಕೆಸರು) ಮುಚ್ಚಿಯೋ. ಎರಡರಾಗ ಯಾವ್ದು ಅಂತ ಊಹೆ ಮಾಡಬ್ಯಾಡ್ರಿ, ಸ್ವಿಚ್ ಬಿಚ್ಚಿ ಆ ಜಾಗಕ್ಕ ಪ್ರೆಷರ್ ಗೇಜ್ ಹಾಕಿಸ್ರಿ. ಪ್ರತಿ ಸಾವಿರ ಆರ್‌ಪಿಎಂಗೆ ಹತ್ತು ಪಿಎಸ್ಐ ಅನ್ನೋದು ಮೆಕ್ಯಾನಿಕ್‌ಗಳ ಹಳೇ ಅಂದಾಜು, ಪಕ್ಕಾ ನಂಬರ್ ನಿಮ್ಮ ಗಾಡಿ ವರ್ಕ್‌ಶಾಪ್ ಮ್ಯಾನುವಲ್‌ನಾಗ ಇರ್ತೈತಿ. ಬರೇ ಸ್ವಿಚ್ ಬದಲಿ ಮಾಡಿ ಲೈಟ್ ಆರ್ತು ಅಂತ ಕಳಿಸೋ ಕಡಿ ಹುಷಾರು, ಲೈಟ್ ಆರಸೋದು ಸುಲಭ, ವೈರ್ ಕಿತ್ತಿದ್ರೂ ಆರ್ತೈತಿ.

ಫಿಲ್ಟರಿಂದಲೇ ಲೈಟ್ ಬರೋದು ಒಂದೆರಡು ಸಂದರ್ಭದಾಗ ಐತಿ. ಕಳಪೆ ಫಿಲ್ಟರ್‌ನಾಗ ಒಳಗಿನ ನಡುವಿನ ಕೊಳವಿ ಕುಸಿದು ಪೇಪರ್ ಮುದ್ದಿ ಆಗಿ ದಾರಿ ಮುಚ್ಚೋದು, ಇನ್ನೊಂದು ಗ್ಯಾಸ್ಕೆಟ್ (ಬುಡದ ರಬ್ಬರ್ ರಿಂಗ್) ಹಾರಿ ಆಯಿಲ್ ಪೂರಾ ರೋಡಿಗೆ ಹೋಗೋದು.

ಸೋರಿಕಿ

ನಮ್ಮ ಕಡಿ ಒಂದು ಅನುಕೂಲ, ಎಲ್ಲಿ ಆಯಿಲ್ ಜಿನುಗ್ತೈತೋ ಅಲ್ಲಿ ಅದಿರಿನ ಧೂಳು ಕುಂತು ಕೆಂಪು ಲೇಪ ಆಗಿರ್ತೈತಿ, ಕುಂಕುಮ ಹಚ್ಚಿದಂಗ. ಆದ್ರ ಅದು ಗಾಳಿಗೆ ಹರಡೋದ್ರಿಂದ ಮೂಲ ಗೊತ್ತಾಗಂಗಿಲ್ಲ. ಒರಸಿ ತೊಳೆದು ಒಣಗಿಸಿ, ಮುಖಕ್ಕ ಹಚ್ಚೋ ಟಾಲ್ಕಂ ಪೌಡರ್ ಉದುರಿಸಿ ಹತ್ತು ನಿಮಿಷ ಎಂಜಿನ್ ನಡೆಸ್ರಿ, ಪೌಡರ್ ಎಲ್ಲಿ ಮೊದಲು ತೊಯ್ತೈತಿ ಅದು ಮೂಲ. ಫಿಲ್ಟರ್ ತುದಿಯಿಂದ ಹನಿ ಬೀಳ್ತೈತಿ ಅಂದ ಮಾತ್ರಕ್ಕ ಫಿಲ್ಟರ್ ಸೋರ್ತೈತಿ ಅಂತಲ್ಲ, ಮ್ಯಾಲಿನ ಪ್ರೆಷರ್ ಸ್ವಿಚ್‌ನಿಂದ, ಟ್ಯಾಪೆಟ್ ಕವರ್‌ನಿಂದ ಇಳಿದು ಬಂದು ಅಲ್ಲಿ ಹನಿ ಕಟ್ಟಿರಬಹುದು.

ಫಿಲ್ಟರ್ ಬುಡದಾಗೇ ಸೋರಿದ್ರ ಮೊದಲು ನೋಡಬೇಕಾದ್ದು ಡಬಲ್ ಗ್ಯಾಸ್ಕೆಟ್. ಹಳೇ ಫಿಲ್ಟರ್ ಬಿಚ್ಚಿದಾಗ ಅದ್ರ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿ ಉಳೀತೈತಿ, ನೋಡದ ಹೊಸದು ಹಾಕಿಬಿಡ್ತಾರ, ರಿಂಗ್ ಮ್ಯಾಲ ರಿಂಗ್. ಗ್ಯಾರೇಜ್‌ನಾಗ ಸೋರಂಗಿಲ್ಲ, ಹೈವೇದಾಗ ಪ್ರೆಷರ್ ಏರಿದಾಗ ಒಂದು ರಿಂಗ್ ಜಾರಿ ಎರಡು ನಿಮಿಷದಾಗ ಮೂರು ಲೀಟರ್ ಆಯಿಲ್ ಖಾಲಿ. ಹಳೇ ಫಿಲ್ಟರ್ ಕೈಗೆ ತಗೊಂಡಾಗ ಅದ್ರ ಬಾಯಾಗ ರಿಂಗ್ ಐತೋ ಇಲ್ಲೋ ನೋಡ್ರಿ ಅಂತ ನಾನು ಈಗ ಎಲ್ಲಾರಿಗೂ ಹೇಳೋದು ಅದಕ್ಕ.

ಎರಡನೇದು ಥ್ರೆಡ್. ಇದು ಅಂಗಡಿಯವರಿಗೂ ಭಾಳ ಮಂದಿಗೆ ಗೊತ್ತಿಲ್ಲ. ಸಣ್ಣ ಗಾಡಿ ಫಿಲ್ಟರ್‌ನಾಗ ಎರಡು ಥ್ರೆಡ್ ಜಾಸ್ತಿ ನಡೀತಾವ, ಒಂದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತಿಂದು, ಇನ್ನೊಂದು 20 ಎಂಎಂ, ಒಂದೂವರೆ ಪಿಚ್ಚಿಂದು (ಸುತ್ತಿಂದ ಸುತ್ತಿಗೆ ಒಂದೂವರೆ ಎಂಎಂ). ಟೊಯೋಟಾದವು ಮುಕ್ಕಾಲು ಇಂಚು ಜಾಸ್ತಿ, ಹೋಂಡಾ, ಹ್ಯುಂಡೈ ಪೆಟ್ರೋಲ್ ಗಾಡಿಯವು 20 ಎಂಎಂ. ಮುಕ್ಕಾಲು ಇಂಚು ಅಂದ್ರ 19.05 ಎಂಎಂ, ಕಣ್ಣಿಗೆ ಫರಕು ಕಾಣಂಗಿಲ್ಲ. 20 ಎಂಎಂ ಫಿಲ್ಟರನ್ನ ಮುಕ್ಕಾಲು ಇಂಚಿನ ಸ್ಟಡ್‌ಗೆ ಹಾಕಿದ್ರ ಹೋಗ್ತೈತಿ, ಒಂದೀಟು ಅಲುಗ್ತೈತಿ, ಕೈಲೇ ತಿರುವಿದ್ರ ಬಿಗಿನೂ ಆದಂಗ ಅನಸ್ತೈತಿ, ಆದ್ರ ಥ್ರೆಡ್‌ನ ತುದಿ ಅಷ್ಟ ಹಿಡಿದಿರ್ತೈತಿ, ಪ್ರೆಷರ್ ಬಂದಾಗ ಹಲ್ಲು ಕಿತ್ತು ಹಾರ್ತೈತಿ. ಹೊಸ ಫಿಲ್ಟರ್ ಎರಡು ಸುತ್ತು ಹಾಕಿ ಅಲುಗಿಸಿ ನೋಡ್ರಿ, ಹಳೇದಕ್ಕಿಂತ ಜಾಸ್ತಿ ಆಡಿದ್ರ ವಾಪಸ್ ಕೊಡ್ರಿ. ಎಲ್ಲಾ ಒಂದೇ ಸೈಜ್ ಬರ್ತೈತಿ ತಗೋರಿ ಅನ್ನೋ ಅಂಗಡಿಯವನ ಮಾತಿಗೆ ನಗಬೇಕಷ್ಟ.

ಕೊಯ್ದು ನೋಡ್ರಿ, ಎಲ್ಲಾ ಹೇಳ್ತೈತಿ

ನನಗ ಇದೇ ಇಷ್ಟದ ಭಾಗ. ಹಳೇ ಫಿಲ್ಟರನ್ನ ಬೋರಲು ಹಾಕಿ ಒಂದು ರಾತ್ರಿ ಆಯಿಲ್ ಬಸಿಯಾಕ ಬಿಡ್ರಿ. ಹ್ಯಾಕ್ಸಾ ಬ್ಲೇಡ್‌ಲೇ, ಗ್ರೈಂಡರ್‌ಲೇ ಕೊಯ್ಯಬ್ಯಾಡ್ರಿ, ಅದ್ರ ಕಬ್ಬಿಣದ ಪುಡಿನೇ ಪೇಪರ್ ಮ್ಯಾಲ ಬಿದ್ದು ಎಂಜಿನ್ ಸವದೈತಿ ಅಂತ ಹೆದರಸ್ತೈತಿ. ನಾನು ಮೊದಲನೇ ಸಲ ಹಂಗ ಮಾಡಿ ಎರಡು ದಿನ ನಿದ್ದಿಗೆಟ್ಟಿದ್ದೆ. ಫಿಲ್ಟರ್ ಕಟರ್ ಸಿಕ್ರ ಚಲೋ, ಇಲ್ಲಾಂದ್ರ ತಗಡು ಕತ್ತರಿ, ಬುಡದ ಅಂಚಿನ ಹತ್ರ ಒಂದು ತೂತು ಹೊಡೆದು ಸುತ್ತ ಕತ್ತರಿಸ್ಕೊಂಡು ಬರ್ರಿ. ಕೈಗೆ ದಪ್ಪ ಗ್ಲೌಸ್ ಇರಲಿ.

ಪೇಪರನ್ನ ಮ್ಯಾಲ ಕೆಳಗ ಕೊಯ್ದು ತಗದು, ಬಟ್ಟಿಯಾಗ ಸುತ್ತಿ ವೈಸ್‌ನಾಗ ಹಿಂಡಿ, ಬಿಸಿಲಿಗೆ ಬಿಚ್ಚಿ ಹಾಸ್ರಿ. ಕಪ್ಪು ಆಯಿಲ್ ಬಣ್ಣ ಮಾಮೂಲಿ. ಅಲ್ಲೊಂದು ಇಲ್ಲೊಂದು ಸೂಜಿ ಮೊನಿಯಷ್ಟು ಮಿಂಚು ಇದ್ರೂ ತಲಿ ಕೆಡಿಸ್ಕೋಬ್ಯಾಡ್ರಿ. ಮಡಿಕಿ ಮಡಿಕಿಗೂ ಮಿಂಚಿನ ಪುಡಿ ಇದ್ರ ಆಯಸ್ಕಾಂತ ತರ್ರಿ. ಆಯಸ್ಕಾಂತಕ್ಕ ಹತ್ತಿದ್ರ ಕಬ್ಬಿಣ, ಅಂದ್ರ ಕ್ಯಾಮ್, ಚೈನ್, ರಿಂಗ್ ಕಡಿಂದು. ಹತ್ತದ ಬೆಳ್ಳಿ ಬಣ್ಣದ್ದು ಅಲ್ಯೂಮಿನಿಯಂ ಇಲ್ಲಾ ಬೇರಿಂಗ್ ಮ್ಯಾಲಿನ ಲೇಪ. ಬಂಗಾರದ ಬಣ್ಣ ಕಂಡ್ರ ಹಟ್ಟಿ ಬಂಗಾರ ಅಂತ ಖುಷಿ ಪಡಬ್ಯಾಡ್ರಿ, ಅದು ತಾಮ್ರ, ಬೇರಿಂಗ್ ಒಳಪದರದಿಂದ, ಇಲ್ಲಾ ಬುಷ್‌ನಿಂದ ಬಂದದ್ದು. ಪ್ಲಾಸ್ಟಿಕ್ ಚೂರು ಸಿಕ್ರ ಚೈನ್ ಗೈಡ್ ಮುರೀಲಿಕತ್ತೈತಿ, ಆವಾಗ ಆ ಹದಿನೆಂಟು ಸಾವಿರದ ಮಾತು ಖರೆ. ರಬ್ಬರ್ ದಾರದಂಗ ಇರೋದು ಯಾರೋ ಸಂಪ್ ಹಾಕೋವಾಗ ಸೀಲಂಟ್ ಬೇಕಾಬಿಟ್ಟಿ ಮೆತ್ತಿದ್ದು, ಅದು ಪಂಪಿನ ಜಾಳಿಗಿಗೂ ಹೋಗಿರ್ತೈತಿ. ಮಜ್ಜಿಗಿ ಕಡೆದಂಗ ಕಾಫಿ ಬಣ್ಣದ ನೊರಿ ಇದ್ರ ನೀರು ಸೇರೈತಿ, ಹೆಡ್ ಗ್ಯಾಸ್ಕೆಟ್ ನೋಡಿಸ್ರಿ.

ಈಗ ನಮ್ಮ ಕಡಿ ಧೂಳಿನ ವಿಷಯ. ಪೇಪರ್ ಚೂರೊಂದನ್ನ ಗಾಜಿನ ಲೋಟದಾಗ ಡೀಸೆಲ್ ಹಾಕಿ ಅಲುಗಿಸಿ ಒಂದು ತಾಸು ಬಿಡ್ರಿ. ತಳಕ್ಕ ಕಂದುಗೆಂಪು ಮಣ್ಣು ಕುಂತ್ರ ಅದು ಎಂಜಿನ್ ಸವದದ್ದಲ್ಲ, ಹೊರಗಿಂದ ಬಂದದ್ದು. ಸಂಡೂರು, ಹೊಸಪೇಟಿ ಕಡಿ ಅದಿರು ಹೆಚ್ಚಾಗಿ ಹೆಮಟೈಟ್, ಅದು ನಾವು ಕೈಯಾಗ ಹಿಡಿಯೋ ಆಯಸ್ಕಾಂತಕ್ಕ ಹತ್ತಂಗಿಲ್ಲ ಅಂದ್ರೂ ನಡಿತೈತಿ. ಅದಕ್ಕ ಆಯಸ್ಕಾಂತಕ್ಕ ಏನೂ ಹತ್ತಲಿಲ್ಲ, ಎಂಜಿನ್ ಕ್ಲೀನ್ ಐತಿ ಅಂತ ಕುಂದ್ರಬ್ಯಾಡ್ರಿ. ಆ ಮಣ್ಣು ಆಯಿಲ್ ಕೂಡ ಸೇರಿದ್ರ ಉಜ್ಜೋ ಪೇಸ್ಟ್ ಇದ್ದಂಗ. ಅದು ಬರೋದು ಏರ್ ಫಿಲ್ಟರ್ ಕಡಿಯಿಂದ. ಏರ್ ಫಿಲ್ಟರ್ ಡಬ್ಬಿ ಕ್ಲಿಪ್ ಮುರಿದಿರ್ತೈತಿ, ಫಿಲ್ಟರ್ ಸೊಟ್ಟ ಕುಂತಿರ್ತೈತಿ, ಹೋಸ್ ಸೀಳಿರ್ತೈತಿ. ಏರ್ ಫಿಲ್ಟರ್ ದಾಟಿದ ಮ್ಯಾಲಿನ ಪೈಪ್ ಒಳಗ ಬಿಳಿ ಬಟ್ಟಿ ಆಡಿಸಿ ತಗೀರಿ, ಕೆಂಪು ಬಂದ್ರ ನೀವು ಎಷ್ಟು ದುಬಾರಿ ಆಯಿಲ್ ಫಿಲ್ಟರ್ ಹಾಕಿದ್ರೂ ಒಡಕು ಕೊಡದಾಗ ನೀರು ತುಂಬಿದಂಗ. ಆಯಿಲ್ ಹಾಕೋ ಮುಚ್ಚಳ ತಗದಿಟ್ಟು, ಲಾರಿ ಹೋಗೋ ರೋಡ್ ಬದಿಗೆ ಸರ್ವಿಸ್ ಮಾಡೋದೂ ಒಂದು ದಾರಿನೇ ಧೂಳಿಗೆ.

ನನ್ನ ಆ ಕವರ್ ಫಿಲ್ಟರ್ ಕೊಯ್ದಾಗ ಏನಿತ್ತು ಅಂದ್ರ, ವಾಲ್ವ್ ರಬ್ಬರ್ ಖಡಕ್ ರೊಟ್ಟಿ ಅಂಚಿನಂಗ ಆಗಿತ್ತು, ಬಗ್ಗಿಸಿದ್ರ ಚಟ್ ಅಂತ ಮುರೀತು. ಪೇಪರ್ ಮಡಿಕಿ ಎಣಿಸಿದೆ, 38. ಆಮ್ಯಾಲ ಅದೇ ಗಾಡಿದು ಚಲೋ ಫಿಲ್ಟರ್ ಹಳೇದಾದ ಮ್ಯಾಲ ಕೊಯ್ದೆ, 56 ಇದ್ವು. ಹೊರಗ ಎರಡೂ ಒಂದೇ ಸೈಜ್. ಕವರಿಂದ್ರಾಗ ಪೇಪರ್ ಎರಡೂ ತುದಿ ಕೂಡೋ ಕಡಿ ಅಂಟು ಬಿಟ್ಟು ಬೆರಳು ಹೋಗೋಷ್ಟು ಸಂದಿ ಇತ್ತು, ಅಂದ್ರ ಅದು ಸೋಸಾಕೇ ಹತ್ತಿರಲಿಲ್ಲ, ಬರೇ ಎಂಜಿನ್‌ಗೆ ಟೋಪಿಗಿ ಹಾಕಿದಂಗ.

ಅಂಗಡಿ ಕೌಂಟರ್ ಮುಂದ

ಮೊದಲು ನಂಬರ್. ಗಾಡಿ ಮಾಡೆಲ್, ವರ್ಷ, ಎಂಜಿನ್ ಹೇಳಿ ಕಂಪನಿ ಪಾರ್ಟ್ ನಂಬರ್ ತಗೋರಿ, ಬ್ಯಾರೆ ಬ್ರಾಂಡ್ ತಗೊಂಡ್ರೂ ಆ ನಂಬರ್‌ಗೆ ಇದು ಸರಿ ಅಂತ ಅವರ ಕ್ಯಾಟಲಾಗ್‌ನಾಗ ತೋರಿಸ್ರಿ ಅನ್ರಿ. ಗಾಡಿ ಕಂಪನಿ ಜೆನ್ಯೂನ್ ಪಾರ್ಟ್ ಆಗಲಿ, ಬಾಷ್, ಮಾಲೆ, ಮ್ಯಾನ್, ಪ್ಯೂರೋಲೇಟರ್ ಥರದ್ದಾಗಲಿ, ಒರಿಜಿನಲ್ ಇದ್ರ ಸಾಕು, ಅವುಗಳ ನಡುವ ಯಾವ್ದು ಮೇಲು ಅಂತ ಜಗಳ ಆಡೋದ್ರಾಗ ಏನೂ ಹುರುಳಿಲ್ಲ. ಪ್ಯೂರೋಲೇಟರ್ ಅನ್ನೋ ಹೆಸರು ಪ್ಯೂರ್ ಆಯಿಲ್ ಲೇಟರ್ ಅನ್ನೋ ಮಾತಿಂದ ಹುಟ್ಟಿದ್ದು, 1920ರ ದಶಕದಾಗ ಅಮೆರಿಕಾದಾಗ ಕಾರಿಗೆ ಆಯಿಲ್ ಫಿಲ್ಟರ್ ತಂದವರೇ ಅವರು. ನೂರು ವರ್ಷದ ಹಿಂದಿನ ಐಡಿಯಾ, ನಾವು ಇನ್ನೂ ಕವರ್‌ನಾಗ ತರ್ತೀವಿ.

ಡೂಪ್ಲಿಕೇಟ್ ಇಲ್ಲಿ ಭಾಳ ಬರ್ತಾವ. ಡಬ್ಬಿ ಸೀಲ್, ಎಂಆರ್‌ಪಿ, ತಯಾರಾದ ತಿಂಗಳು, ಹಾಲೋಗ್ರಾಂ ನೋಡ್ರಿ, ಜಿಎಸ್‌ಟಿ ಬಿಲ್ ಕೇಳ್ರಿ, ಬಿಲ್ ಅಂದ ಕೂಡ್ಲೆ ಅಂಗಡಿಯವನ ಮುಖ ಹೆಂಗ ಬದಲಾಗ್ತೈತಿ ಅನ್ನೋದೂ ಒಂದು ಟೆಸ್ಟ್. ಆಮ್ಯಾಲ ಫಿಲ್ಟರ್ ಕೈಗೆ ತಗೋರಿ. ಥ್ರೆಡ್ ಒಳಗ ಬೆರಳು ಆಡಿಸಿದ್ರ ಲೋಹದ ಸಿಬರು ಹತ್ತಬಾರದು. ಸಣ್ಣ ತೂತಿನೊಳಗ ಕಾಣೋ ರಬ್ಬರನ್ನ ಸ್ವಚ್ಛ ಕಡ್ಡಿಲೇ ಮೆಲ್ಲಗ ಒತ್ರಿ, ಮೆತ್ತಗ ಒಳಗ ಹೋಗಿ ಹೊಳ್ಳಿ ಬಂದು ಕೂಡಬೇಕು. ಸಿಲಿಕೋನ್ ವಾಲ್ವ್ ಇದ್ರ ಬಿಸಿಗೆ ತಡೀತೈತಿ, ಭಾಳ ದಿನ ಮೆತ್ತಗಿರ್ತೈತಿ, ಕಪ್ಪು ನೈಟ್ರೈಲ್ ರಬ್ಬರ್ ಲಗೂನ ಗಟ್ಟಿ ಆಗ್ತೈತಿ. ಸಿಲಿಕೋನ್ ಸಾಮಾನ್ಯ ಕಿತ್ತಳೆ ಬಣ್ಣ ಇರ್ತೈತಿ, ಆದ್ರ ಬಣ್ಣ ಒಂದೇ ನಂಬಬ್ಯಾಡ್ರಿ, ಬಣ್ಣ ಯಾರ ಬೇಕಾದ್ರೂ ಹಾಕ್ತಾರ. ರಾಯಚೂರು ಬಿಸಿಲಿಗೆ ರಬ್ಬರ್ ಹೋಗ್ತೈತಿ ಅಂತಾರಲ್ಲ, ಅದು ಅಷ್ಟು ಖರೆ ಅಲ್ಲ, ಹೊರಗ 43 ಡಿಗ್ರಿ ಇದ್ರ ಎಂಜಿನ್ ಆಯಿಲ್ ನೂರರ ಹತ್ರ ಇರ್ತೈತಿ, ರಬ್ಬರ್ ಬೇಯೋದು ಆಯಿಲ್‌ನಾಗ.

ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಲೆಕ್ಕ ಹೇಳಿ ಮಾರೋರಿಗೆ ಒಂದೇ ಪ್ರಶ್ನಿ ಕೇಳ್ರಿ. 99 ಪರ್ಸೆಂಟ್ ಹಿಡೀತೈತಿ ಅಂದ್ರ ಎಷ್ಟು ಮೈಕ್ರಾನ್ ಕಣ ಹಿಡೀತೈತಿ? ನಮ್ಮ ತಲಿಗೂದಲು ಸುಮಾರು 70 ಮೈಕ್ರಾನ್. 40 ಮೈಕ್ರಾನ್‌ನಾಗ 99 ಪರ್ಸೆಂಟ್ ಅನ್ನೋದಕ್ಕೂ, 20ರಾಗ 99 ಅನ್ನೋದಕ್ಕೂ ಹಗಲು ರಾತ್ರಿ ಫರಕು. ಐಎಸ್ಒ 4548-12 ಅನ್ನೋ ಟೆಸ್ಟ್ ಪ್ರಕಾರ ಅಂತ ಬರೆದಿದ್ರ ಆ ನಂಬರ್‌ಗೆ ಬೆಲಿ ಐತಿ. ಮಾಮೂಲಿ ಪೇಪರ್ ಫಿಲ್ಟರ್ ಟೈಮಿಗೆ ಸರಿ ಬದಲಿ ಮಾಡಿದ್ರ ನಮ್ಮಂಥ ಗಾಡಿಗೆ ಸಾಕು. ಕಂಪನಿ ಹತ್ತು ಸಾವಿರ ಕಿಲೋಮೀಟರ್ ಅಂದಿದ್ರ, ಈ ಧೂಳಿನ ರೂಟ್‌ಗೆ ನಾನು ಐದು ಸಾವಿರಕ್ಕ ಮಾಡಸ್ತೀನಿ, ಮ್ಯಾನುವಲ್‌ನಾಗೂ ಧೂಳಿನ ಕಡಿ ಓಡಿಸೋರಿಗೆ ಲಗೂ ಮಾಡಸ್ರಿ ಅಂತ ಸಣ್ಣ ಅಕ್ಷರದಾಗ ಇರ್ತೈತಿ, ಓದಿರಂಗಿಲ್ಲ ನಾವು.

ಡೀಸೆಲ್‌ನವರಿಗೆ ಎರಡು ಮಾತು. 1.3 ಲೀಟರ್ ಡೀಸೆಲ್ ಸ್ವಿಫ್ಟ್, ಡಿಜೈರ್ ಇಂಥಾದ್ರಾಗ ತಗಡಿನ ಡಬ್ಬಿ ಇರಂಗಿಲ್ಲ, ಪ್ಲಾಸ್ಟಿಕ್ ಮುಚ್ಚಳದ ಒಳಗ ಬರೇ ಪೇಪರ್ ಕಾರ್ಟ್ರಿಡ್ಜ್. ಮುಚ್ಚಳದ ಓ ರಿಂಗ್ ಪ್ರತಿ ಸಲ ಹೊಸದು ಹಾಕಬೇಕು, ಹಳೇದೇ ಹಾಕಿ ಸೋರಿದ್ರ ಮತ್ತ ಬಿಗಿ ಮಾಡಿ ಮುಚ್ಚಳ ಸೀಳೋದು ಎಲ್ಲಾ ಕಡಿ ನಡೀತೈತಿ. ಕಾರ್ಟ್ರಿಡ್ಜನ್ನ ಡೀಸೆಲ್‌ನಾಗ ತೊಳೆದು ಅದೇ ಹೊಳ್ಳಿ ಹಾಕೋ ಮಹಾನುಭಾವರೂ ಅದಾರ. ಪೇಪರ್ ನಾರಿನೊಳಗ ಕುಂತ ಹೊಲಸು ತೊಳೆದ್ರ ಹೋಗಂಗಿಲ್ಲ, ಪೇಪರ್ ಸಡ್ಲಾಗಿ ಹರೀತೈತಿ ಅಷ್ಟ. ಟರ್ಬೋ (ಎಂಜಿನ್‌ಗೆ ಗಾಳಿ ಒತ್ತಿ ತುಂಬೋದು) ಲಕ್ಷದ ಮ್ಯಾಲ ಆರ್‌ಪಿಎಂ ತಿರುಗೋ ಸಾಮಾನು, ಆಯಿಲ್ ಎರಡು ಸೆಕೆಂಡ್ ತಡ ಆದ್ರ ಮೊದಲು ಏಟು ಅದಕ್ಕೇ.

ಹಾಕೋವಾಗ

ಎಂಜಿನ್ ಕಡಿ ಮುಖ ಒರಸಿ, ಹಳೇ ರಿಂಗ್ ಇಲ್ಲ ಅಂತ ಬೆರಳು ಆಡಿಸಿ ನೋಡಿ, ಹೊಸ ರಿಂಗ್‌ಗೆ ಹೊಸ ಆಯಿಲ್ ಸವರಿ, ಕೈಲೇ ತಿರುವ್ರಿ. ರಿಂಗ್ ಮುಟ್ಟಿದ ಮ್ಯಾಲ ಇನ್ನು ಮುಕ್ಕಾಲು ಸುತ್ತು, ಇಲ್ಲಾ ಫಿಲ್ಟರ್ ಮ್ಯಾಲ ಬರೆದಿದ್ದಷ್ಟು. ಚೈನ್ ಪಾನಾ ಬಿಚ್ಚಾಕ ಇರೋದು, ಬಿಗಿ ಮಾಡಾಕಲ್ಲ. ನೆಟ್ಟಗ ಕೂಡೋ ಫಿಲ್ಟರ್ ಇದ್ರ ಮೊದಲೇ ಒಂದೀಟು ಆಯಿಲ್ ತುಂಬಿ ಹಾಕಬಹುದು, ಆದ್ರ ಸುತ್ತಲಿನ ಸಣ್ಣ ತೂತಿನಿಂದ ಹಾಕ್ರಿ, ನಡುವಿನದು ಸೋಸಿ ಬಂದ ಆಯಿಲ್ ದಾರಿ, ಅಲ್ಲಿ ಹಾಕಿದ್ದು ಹಂಗೇ ಬೇರಿಂಗ್‌ಗೆ ಹೋಗ್ತೈತಿ. ಹಚ್ಚಿದ ಮ್ಯಾಲ ಲೈಟ್ ಆರೋತನ ರೇಸ್ ಮಾಡಬ್ಯಾಡ್ರಿ, ಎರಡು ನಿಮಿಷ ನಡೆಸಿ, ಬಂದ್ ಮಾಡಿ, ಕೆಳಗ ಬಗ್ಗಿ ನೋಡಿ, ಲೆವೆಲ್ ಮತ್ತೊಮ್ಮೆ ನೋಡ್ರಿ, ಫಿಲ್ಟರ್ ಕುಡಿದಷ್ಟು ಇಳಿದಿರ್ತೈತಿ.

ಗ್ಯಾರೇಜ್‌ಗೆ ಬಿಡೋರು ಇದ್ರ, ಬಿಡೋಕ್ಕಿಂತ ಮೊದಲು ಹಳೇ ಫಿಲ್ಟರ್ ಮ್ಯಾಲ ಮಾರ್ಕರ್‌ಲೇ ಒಂದು ಚುಕ್ಕಿ ಇಟ್ಟು ಕಳಿಸ್ರಿ. ನಾನು ಹಂಗ ಮಾಡಿ ಬಿಟ್ಟಿದ್ದೆ ಒಂದು ಸಲ, ಬಿಲ್‌ನಾಗ ಆಯಿಲ್ ಫಿಲ್ಟರ್ ಅಂತ ಇತ್ತು, ಚಾಚಾನ ಹತ್ರ ಬಂದು ಬಾನೆಟ್ ಎತ್ತಿ ನೋಡಿದ್ರ ನನ್ನ ಚುಕ್ಕಿ ಅಲ್ಲೇ ಕುಂತಿತ್ತು.